ಬ್ಯಾಟರಿ ಇಟ್ಟ ಕೋಣೆ

ಅಕ್ಕ ಸೋಮವಾರ ಸಂಜೆ ಬರುವವಳಿದ್ದಳು. ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದವಳನ್ನು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ವೈದ್ಯರು ಕಳಿಸಿಕೊಡುತ್ತಿದ್ದರು. ಅವಳಿಗೆ ಬೇರೆ ಮನೆಯಿಲ್ಲ, ನಮಗೆ ಬೇರೆ ಕೋಣೆಯಿಲ್ಲ. ನನ್ನ ಹೆಂಡತಿ ಎಂಟು ತಿಂಗಳು ಮಲಗಿದ್ದು ತೀರಿಕೊಂಡ ಹಿಂದಿನ ಕೋಣೆಯನ್ನೇ ತೆರೆಯಬೇಕಾಗಿತ್ತು. ತೆರೆದರೆ ವಾಸನೆ. ಅವಳು ಹೋಗಿ ಐದು ವಾರವಾದರೂ ಅದು ಹೋಗಿರಲಿಲ್ಲ.

ಎಂಥ ವಾಸನೆ ಎಂದು ಹೇಳಲೇಬೇಕು. ಕೊಳೆತ ಮೊಟ್ಟೆಯನ್ನು ಒಡೆದು ಬಿಸಿಲಿಗೆ ಇಟ್ಟ ಹಾಗೆ. ಬಾಗಿಲು ತೆರೆದ ಕೂಡಲೇ ಅದು ಮೂಗಿಗೆ ಬರುವ ಮೊದಲೇ ಗಂಟಲಿಗೆ ಬಂದು ಕೂರುತ್ತಿತ್ತು. ಆಮೇಲೆ ಊಟಕ್ಕೆ ಕೂತರೂ ನಾಲಗೆಯ ಮೇಲೆ ಅದೇ. ಅದು ಅವಳ ಬೆನ್ನಿನ ಹುಣ್ಣಿನಿಂದ ಬರುವುದೆಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ನೋಡಲು ಬಂದವರು ಹೊಸ್ತಿಲಲ್ಲೇ ನಿಂತು, ಕೈ ಎತ್ತಿ, ಬೇಗ ಗುಣವಾಗಲಿ ಎಂದು ಹೇಳಿ ಹೊರಟುಬಿಡುತ್ತಿದ್ದರು. ನಾನೂ ಅವರಿಗಿಂತ ಮೇಲಿನವನಾಗಿರಲಿಲ್ಲ. ಮೊದಲು ಅವಳ ಹಾಸಿಗೆಯ ಪಕ್ಕದಲ್ಲಿ ಕೂತು ಬೆಳಿಗ್ಗೆ ಸಂಜೆ ಪ್ರಾರ್ಥನೆ ಮಾಡುತ್ತಿದ್ದವನು, ಕೊನೆಯ ಎರಡು ತಿಂಗಳು ಕುರ್ಚಿಯನ್ನು ಹಜಾರಕ್ಕೆ ಎಳೆದುಕೊಂಡಿದ್ದೆ. ಪಾರ್ಶ್ವವಾಯುವಿನಿಂದ ಅವಳ ಮಾತು ನಿಂತಿತ್ತು, ಕಣ್ಣು ನಿಂತಿರಲಿಲ್ಲ. ಕುರ್ಚಿ ಎಳೆದುಕೊಂಡು ಹೋಗುವುದನ್ನು ಅವಳು ನೋಡಿದ್ದಳು.

ಈಗ ಅಕ್ಕನನ್ನೂ ಅದೇ ನಾತದಲ್ಲಿ ಮಲಗಿಸಿ, ನಾನು ಮತ್ತೆ ಬಾಗಿಲ ಹೊರಗೆ ನಿಂತುಬಿಡುತ್ತೇನೆಯೇ ಎಂಬ ಭಯ ನನ್ನನ್ನು ಹಿಡಿದಿತ್ತು.

ಅಕ್ಕನಿಗೂ ಗಾಳಿ ಹಾಸಿಗೆಯೇ ಬೇಕಿತ್ತು. ಅದಕ್ಕೊಂದು ಸಣ್ಣ ಪಂಪು. ಹಾಸಿಗೆಯ ಒಂದು ಸಾಲು ಉಬ್ಬಿದಾಗ ಇನ್ನೊಂದು ಸಾಲು ಇಳಿಯುತ್ತದೆ. ಹಾಗೆ ಮೈ ಒಂದೇ ಕಡೆ ಒತ್ತದೆ ಹುಣ್ಣಾಗುವುದು ತಪ್ಪುತ್ತದೆ. ನಮ್ಮಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲವಾದರೂ ಹೋಗುತ್ತದೆ. ಮನೆಯ ಇನ್ವರ್ಟರು ಇಪ್ಪತ್ತು ನಿಮಿಷಕ್ಕೆ ಕೂಗಿ ಸುಮ್ಮನಾಗುತ್ತಿತ್ತು. ಹೊಸದು ತರಬೇಕೆಂದು ಶನಿವಾರ ಮಗ ನನ್ನನ್ನು ಅಂಗಡಿಗೆ ಕರೆದೊಯ್ದ.

ಅಂಗಡಿಯವನು ಮಗನ ಸಹಪಾಠಿ. ಶಾಲೆಯಲ್ಲೇ ಅವನಿಗೆ ವೋಲ್ಟೇಜು ಎಂದು ಹೆಸರು ಬಿದ್ದಿತ್ತು. ಈಗ ಅಂಗಡಿಯ ಫಲಕದ ಮೇಲೂ ಅದೇ ಇದೆ.

"ಬನ್ನಿ ಅಂಕಲ್, ಕೂತ್ಕೊಳ್ಳಿ. ಆಂಟಿ ವಿಷಯ ಕೇಳಿ ತುಂಬಾ ಬೇಜಾರಾಯ್ತು," ಎಂದವನು ಉಸಿರು ಬದಲಿಸದೆ, "ಇದು ನೋಡಿ, ಡಬಲ್ ಬ್ಯಾಟರಿ. ಟಿವಿ, ಫ್ರಿಜ್ಜು, ಮಿಕ್ಸಿ ಎಲ್ಲಾ ಓಡುತ್ತೆ. ಕರೆಂಟು ಹೋಗಿದ್ದೇ ನಿಮಗೆ ಗೊತ್ತಾಗಲ್ಲ," ಎಂದು ಕಲ್ಲಂಗಡಿ ಹಣ್ಣು ತಟ್ಟಿದ ಹಾಗೆ ಬ್ಯಾಟರಿಯ ಬೆನ್ನು ತಟ್ಟಿದ.

"ಒಂದು ಹಾಸಿಗೆ ಪಂಪು ಎಷ್ಟು ಹೊತ್ತು ಓಡುತ್ತಪ್ಪ?" ಎಂದು ಕೇಳಿದೆ.

"ಪಂಪು ಬಿಡಿ ಅಂಕಲ್. ಫ್ರಿಜ್ಜೇ ಓಡುತ್ತೆ ಅಂತೀನಿ."

"ಫ್ರಿಜ್ಜಲ್ಲಿ ಯಾರೂ ಮಲಗಲ್ಲ."

ಅವನು ನಕ್ಕ. ಮಗನೂ ನಕ್ಕ. ಚಪ್ಪಲಿ ಮಾರುವವನಾದರೂ ಮೊದಲು ಕಾಲಿನ ಅಳತೆ ನೋಡುತ್ತಾನೆ; ಇವನು ಮನೆಯಲ್ಲಿ ಏನು ಓಡಬೇಕೆಂದು ಒಂದು ಮಾತು ಕೇಳಲಿಲ್ಲ. ಹಳೆಯ ಬ್ಯಾಟರಿ ವಾಪಸು ಕೊಡಿ, ನಾಳೆ ಬ್ಯಾಟರಿ ಮೇಸ್ತ್ರಿಯನ್ನು ಕಳಿಸುತ್ತೇನೆ, ಹೊಸದನ್ನು ಅದೇ ಮೂಲೆಯಲ್ಲಿ ಕೂರಿಸಿಬಿಡೋಣ ಎಂದ. ಮಗ ತಲೆಯಾಡಿಸಿದ. ಆ ಮೂಲೆ ಯಾವುದೆಂದರೆ, ನನ್ನ ಹೆಂಡತಿಯ ತಲೆದಿಂಬಿನಿಂದ ನಾಲ್ಕಡಿ ದೂರ. ಹೋದ ವರ್ಷ ಮಗನೇ ಅಲ್ಲಿಡಿಸಿದ್ದ. ಅಲ್ಲಾದರೆ ಬಂದವರ ಕಣ್ಣಿಗೆ ಬೀಳುವುದಿಲ್ಲ.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಬಂದ. ನನ್ನ ವಯಸ್ಸಿಗೆ ಹತ್ತಿರದವನು. ಆಸಿಡ್ ಬಿದ್ದು ಪ್ಯಾಂಟಿನ ತೊಡೆಯ ಮೇಲೆಲ್ಲ ಜರಡಿಯಂತೆ ತೂತು. ನಾನು ಕೋಣೆಯ ಬಾಗಿಲು ತೆರೆದು, ಅಭ್ಯಾಸದಂತೆ ಮುಖ ತಿರುಗಿಸಿ, "ಕ್ಷಮಿಸಬೇಕು, ಒಳಗೆ ರೋಗಿ ಇದ್ರು," ಎಂದೆ.

ಅವನು ಮೂಗು ಮುಚ್ಚಲಿಲ್ಲ. ಒಳಗೆ ಹೋಗಿ ಬ್ಯಾಟರಿಯ ಪಕ್ಕಕ್ಕೆ ಅಂಗೈ ಹಿಡಿದು, ತಟ್ಟನೆ ಹಿಂದೆಗೆದುಕೊಂಡ.

"ಕುದೀತಾ ಇದೆ," ಎಂದ. "ಮೊದಲು ಕಿಟಕಿ ತೆಗೀರಿ ಯಜಮಾನ್ರೇ. ಬೀಡಿ ಗೀಡಿ ಹಚ್ಚೋರು ಯಾರೂ ಇಲ್ವಲ್ಲ?"

ಇನ್ವರ್ಟರಿನ ಪ್ಲಗ್ಗು ಕಿತ್ತ. ಮುಚ್ಚಳ ಒಂದೊಂದನ್ನೇ ತಿರುಗಿಸಿ ಟಾರ್ಚು ಬಿಟ್ಟು ನೋಡಿದ. "ಇದು ನೋಡಿ, ಈ ಸೆಲ್ಲು ಸತ್ತಿದೆ. ಆರರಲ್ಲಿ ಒಂದು ಸತ್ರೆ ಚಾರ್ಜರಿಗೆ ಹೊಟ್ಟೆ ತುಂಬಿದ್ದು ತಿಳಿಯಲ್ಲ. ತುರುಕ್ತಾನೇ ಇರುತ್ತೆ. ಒಳಗಡೆ ನೀರು ಕುದ್ದು ಕುದ್ದು ಈ ನಾತ."

"ಈ ನಾತ ಬ್ಯಾಟರಿದೇ?"

"ಮತ್ತೆ ಇನ್ಯಾರದು? ನಂದಂತೂ ಅಲ್ಲ, ನಾನು ಸ್ನಾನ ಮಾಡ್ಕೊಂಡೇ ಬಂದಿದೀನಿ," ಎಂದು ತನ್ನ ಮಾತಿಗೆ ತಾನೇ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಎಷ್ಟು ದಿನದಿಂದ ಹೀಗಾಗಿರಬೇಕು?"

"ಮೂರು ತಿಂಗಳಾದ್ರೂ ಆಗಿದೆ. ನೀರು ಹಾಕೋಕೆ ನಾನೇ ಬಂದಿದ್ನಲ್ಲ. ಆವಾಗಲೇ ಶುರುವಾಗಿತ್ತು. ಮಲಗೋ ಕೋಣೇಲಿ ಇದನ್ನ ಇಡಬಾರದು, ಹೊರಗೆ ಹಾಕಿಸಿ, ಇದನ್ನ ಬದಲಾಯಿಸಿ ಅಂತ ನಿಮ್ಮ ಮಗನಿಗೆ ಹೇಳಿದ್ದೆ. ಅಮ್ಮಾವ್ರು ಇಲ್ಲೇ ಮಲಗಿದ್ರು, ಕೇಳಿಸ್ಕೊಂಡ್ರು."

ಇಬ್ಬರೂ ಸೇರಿ ಬ್ಯಾಟರಿಯನ್ನು ಹಿಂದಿನ ಅಂಗಳಕ್ಕೆ ಎಳೆದೆವು. ಒಂದು ಗಂಟೆಯ ಮೇಲೆ ಕೋಣೆಗೆ ಹೋಗಿ ನಿಂತೆ. ಫಿನಾಯಿಲು, ಹಳೆಯ ಹೊದಿಕೆ, ಬಾಟಲಿಯ ತಳದಲ್ಲಿ ಉಳಿದ ಕೊಬ್ಬರಿ ಎಣ್ಣೆ. ಇಷ್ಟೇ. ಉಸಿರೆಳೆದೆ. ಮತ್ತೆ ಎಳೆದೆ. ನನ್ನ ಹೆಂಡತಿ ಎಲ್ಲ ಮನುಷ್ಯರಂತೆ, ಇನ್ನೂ ಹೇಳುವುದಾದರೆ ನಮ್ಮೆಲ್ಲರಿಗಿಂತ ಶುಚಿಯಾಗಿ, ಆ ಹಾಸಿಗೆಯ ಮೇಲೆ ಮಲಗಿದ್ದಳು. ನಾತ ಅವಳದಲ್ಲವೆಂದು ಅವಳಿಗೊಬ್ಬಳಿಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

ಅವಳ ಮೈಯಿಂದ ಆ ವಾಸನೆಯನ್ನು ತೆಗೆದುಬಿಡು ಎಂದು ನಾನು ಹಜಾರದಲ್ಲಿ ಕೂತು ಬೇಡುತ್ತಿದ್ದೆ. ಒಂದು ಸ್ಪ್ಯಾನರಿನಿಂದ ಆಗುವ ಕೆಲಸಕ್ಕೆ ಎರಡು ತಿಂಗಳು ದೇವರನ್ನು ಪೀಡಿಸಿದೆ. ಅವನು ಕೇಳಿಸಿಕೊಂಡೇ ಅವತ್ತು ನೀರು ಹಾಕಲು ಮೇಸ್ತ್ರಿಯನ್ನು ಕಳಿಸಿದ್ದನೋ ಏನೋ. ಆ ಹೊತ್ತಿಗೆ ನಾನು ಆ ಕೋಣೆಯಲ್ಲಿ ಇರಲಿಲ್ಲ.

ಮಗನನ್ನು ಕರೆದು ಕೇಳಿದೆ.

"ಹೇಳಿದ್ದ ಅಪ್ಪ," ಎಂದ. "ಹೊರಗೆ ಹಾಕ್ಬೇಕಾದ್ರೆ ಹಜಾರದ ಗೋಡೆ ಕೊರೀಬೇಕಿತ್ತು. ಹೊಸ ಟೈಲ್ಸು. ಆಮೇಲೆ ನೋಡೋಣ ಅಂತ ಬಿಟ್ಟೆ."

"ವಾಸನೆ ಬರುತ್ತೆ ಅಂದಿದ್ನಾ?"

"ನೆನಪಿಲ್ಲ. ಅಂದಿರಬಹುದು. ಎಲ್ರೂ ಅದು ಅಮ್ಮಂದೇ ಅಂತಿದ್ರಿ. ನೀವೂ ಅಂತಿದ್ರಿ."

ಬಿಳಿಯ ಟೈಲ್ಸಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಅವನನ್ನು ನೋಡಿದರೆ ಅಸಹ್ಯವಾಯಿತು. ಅವನು ಹೇಳಿದ್ದು ನಿಜವಾದ್ದರಿಂದ ಇನ್ನೂ ಅಸಹ್ಯವಾಯಿತು. ಕರೆಂಟು ಹೋದಾಗ ಆ ಇಪ್ಪತ್ತು ನಿಮಿಷದ ಪಾಲು ಟಿವಿಗೂ ಹೋಗುತ್ತಿತ್ತು, ಆಮೇಲೆ ಅವಳ ಹಾಸಿಗೆ ಚಪ್ಪಟೆಯಾಗುತ್ತಿತ್ತು. ಆ ಟಿವಿಯ ಮುಂದೆ ಸುದ್ದಿ ನೋಡುತ್ತ ಕೂತಿರುತ್ತಿದ್ದವನು ನಾನು.

ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅತ್ತೆಯ ಕೋಣೆಗೆ ಹೋಗುತ್ತಾಳೆಂದು ನಾನು ಅವಳನ್ನು ಮನಸ್ಸಿನಲ್ಲೇ ಬೈದುಕೊಂಡವನು. ಬಟ್ಟೆ ಕಟ್ಟಿಕೊಂಡಾದರೂ ಹೋಗುತ್ತಿದ್ದವಳು ಅವಳೊಬ್ಬಳೇ.

"ದಿನಕ್ಕೆ ಮೂರು ಸಲ ತೊಳೀತಿದ್ದೆ ಮಾವ," ಎಂದಳು. "ಎಷ್ಟು ತೊಳೆದ್ರೂ ಹೋಗ್ತಿಲ್ವಲ್ಲ ಅಂತ ಔಷಧಿ ನೀರು ಜಾಸ್ತಿ ಹಾಕ್ತಿದ್ದೆ, ಗಟ್ಟಿಯಾಗಿ ಉಜ್ತಿದ್ದೆ. ಅತ್ತೆ ಬೇಡ ಬೇಡ ಅಂತ ತಲೆ ಅಲ್ಲಾಡಿಸ್ತಿದ್ರು. ಸುಮ್ನಿರಿ, ನಾತ ಬರುತ್ತೆ ಅಂತ ಗದರಿದೀನಿ. ಕೊನೆಗೆ ಚರ್ಮ ಬಟ್ಟೆಗೆ ಅಂಟ್ಕೊಂಡು ಬರ್ತಿತ್ತು."

"ಈಗ ಅದನ್ನೆಲ್ಲ ತೆಗೆದು ಏನು ಪ್ರಯೋಜನ? ಆಗಿದ್ದು ಆಯ್ತು," ಎಂದ ಮಗ. "ಹೊಸ ಬ್ಯಾಟರಿ ವಾಸನೆ ಬರಲ್ಲ. ಅಲ್ಲೇ ಇಡೋಣ."

ಅವಳು ಗಂಡನ ಕಡೆ ತಿರುಗಿ, "ಅಲ್ಲೇ ಇಡೋದಾದ್ರೆ ಅದರ ಪಕ್ಕ ನೀವೇ ಮಲಗಿ," ಎಂದು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ನಾನೊಬ್ಬನೇ ಅಂಗಡಿಗೆ ಹೋದೆ. ಮೇಸ್ತ್ರಿ ಅಲ್ಲೇ ಬಾಗಿಲ ಬಳಿ ಒಂದು ಬ್ಯಾಟರಿಗೆ ನೀರು ತುಂಬುತ್ತಿದ್ದ. ನನಗೆ ಡಬಲ್ ಬ್ಯಾಟರಿ ಬೇಡ, ಆ ಒಂದು ಕೋಣೆಯ ಪಂಪು, ಒಂದು ಫ್ಯಾನು, ಒಂದು ದೀಪ, ಇಷ್ಟು ಐದು ಗಂಟೆ ಓಡಬೇಕು; ಟಿವಿಗೆ ತಂತಿಯೇ ಹೋಗಬಾರದು ಎಂದೆ.

"ಹಾಗಾದ್ರೆ ಲಿಥಿಯಂ ತಗೊಳ್ಳಿ ಅಂಕಲ್," ಎಂದ ವೋಲ್ಟೇಜು. "ನೀರು ಹಾಕೋ ಹಾಗಿಲ್ಲ, ಕುದಿಯಲ್ಲ, ನಾತ ಇಲ್ಲ. ಎಲ್ಲಿ ಬೇಕಾದ್ರೂ ಇಡಿ. ಹಾಸಿಗೆ ಕೆಳಗೇ ಇಡಿ."

ಮೇಸ್ತ್ರಿಯ ಮುಖ ನೋಡಿದೆ. ಅವನು ಮಾಲೀಕನ ಮುಂದೆಯೇ ಹೇಳಿದ. "ಮಾಲು ಒಳ್ಳೇದೇ, ಸುಳ್ಳಲ್ಲ. ಆದ್ರೆ ಕೆಟ್ರೆ ನನ್ನ ಕೈಲಿ ಬಿಚ್ಚೋಕಾಗಲ್ಲ. ಕಂಪನಿಯವ್ರು ಬರೋ ತನಕ ನಿಮ್ಮ ಅಕ್ಕಾವ್ರು ಚಪ್ಪಟೆ ಹಾಸಿಗೆ ಮೇಲೆ ಕಾಯಬೇಕು. ನೀರು ಹಾಕೋ ಉದ್ದ ಟ್ಯೂಬ್ಯುಲರ್ ಬ್ಯಾಟರಿ ಒಂದು ತಗೊಂಡು, ಹೊರಗೆ ಗಾಳಿ ಆಡೋ ಕಡೆ ಇಡಿ. ತಿಂಗಳಿಗೊಂದು ಸಲ ನಾನು ಬಂದು ನೋಡ್ತೀನಿ."

"ನೀನು ನನ್ನ ಅಂಗಡಿ ಮುಚ್ಚಿಸೋಕೆ ಹುಟ್ಟಿದೀಯ," ಎಂದ ವೋಲ್ಟೇಜು.

"ನಾನಿಲ್ದೆ ಹೋದ್ರೆ ಅದು ಹೋದ ವರ್ಷಾನೇ ಮುಚ್ಚಿತ್ತು," ಎಂದು ಅವನು ನೀರು ತುಂಬುವುದನ್ನು ಮುಂದುವರಿಸಿದ.

ಉದ್ದನೆಯದನ್ನೇ ಆರಿಸಿದೆ. ಹನ್ನೊಂದು ಗಂಟೆಗೆ ಮೇಸ್ತ್ರಿ ಡ್ರಿಲ್ಲು ತಂದ. ಹಜಾರದ ಟೈಲ್ಸಿಗೆ ಅದು ಕಚ್ಚಿದಾಗ ಒಂದು ಟೈಲು ಮೂಲೆಯಿಂದ ಮೂಲೆಗೆ ಸೀಳಿತು. ಅತ್ತೆ ಬರುತ್ತಾಳೆಂದು ರಜೆ ಹಾಕಿದ್ದ ಮಗ ಎದ್ದು ನಿಂತ. ನಾನು ಅವನನ್ನು ನೋಡಿದೆ. ಅವನು ಮತ್ತೆ ಕೂತ. ಬ್ಯಾಟರಿ ಹಿಂದಿನ ಜಗಲಿಯಲ್ಲಿ, ತಗಡಿನ ಸೂರಿನ ಕೆಳಗೆ, ಸುತ್ತ ಸಂದಿಯಿರುವ ಮರದ ಗೂಡಿನೊಳಗೆ ಕೂತಿತು. ಸಂಜೆ ಅಕ್ಕ ಬಂದಳು.

ಮಂಗಳವಾರ ಮಧ್ಯಾಹ್ನ ಕರೆಂಟು ಹೋಯಿತು. ಪಂಪು ನಿಲ್ಲಲಿಲ್ಲ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನಾನು ಅಕ್ಕನ ಪಕ್ಕದಲ್ಲೇ ಕೂತಿದ್ದೆ. ಅಕ್ಕ ಕಣ್ಣು ತೆರೆದು, "ಏನೋ ವಾಸನೆ ಕಣೋ," ಎಂದಳು.

ಜಗಲಿಗೆ ಓಡಿ ಗೂಡಿನ ಬಾಗಿಲು ತೆಗೆದು ಬ್ಯಾಟರಿಯ ಪಕ್ಕಕ್ಕೆ ಅಂಗೈ ಹಿಡಿದೆ. ತಣ್ಣಗಿತ್ತು. ಬಗ್ಗಿ ಮೂಸಿದೆ. ಏನೂ ಇಲ್ಲ. ಒಳಗೆ ಬಂದು ಅಕ್ಕನ ಹೊದಿಕೆಯ ಕಡೆ ಬಗ್ಗಿದೆ. ಈ ಸಲ ಅನುಮಾನವಿರಲಿಲ್ಲ.

"ನಂದೇ ಅಲ್ವಾ?" ಎಂದಳು.

"ನಿಂದೇ ಅಕ್ಕ."

"ತಿಳೀಲೇ ಇಲ್ಲ ನೋಡು ನಂಗೆ." ಗೋಡೆಯ ಕಡೆ ಮುಖ ಮಾಡಿದಳು. "ನಿನ್ನ ಸೊಸೆ ಬರಲಿ. ನೀನು ಆಚೆ ಕೂತ್ಕೋ ಹೋಗು. ಬಾಗಿಲು ಹಾಕ್ಕೊಂಡು ಹೋಗು."

ಸೊಸೆ ಬರಲು ಇನ್ನೂ ಮೂರು ಗಂಟೆಯಿತ್ತು. ಬಚ್ಚಲಿಗೆ ಹೋಗಿ ಬಕೆಟ್ಟಿಗೆ ಬಿಸಿನೀರು ಹಿಡಿದೆ. ಮೆತ್ತನೆಯ ಬಟ್ಟೆ ನಾಲ್ಕು ಹುಡುಕಿದೆ. ಕೋಣೆಗೆ ಬಂದು ಹೊದಿಕೆ ಸರಿಸಿದಾಗ ಓಕರಿಕೆ ಬಂತು. ನುಂಗಿಕೊಂಡೆ. ಮುಖ ತಿರುಗಿಸಿಕೊಳ್ಳಬೇಕೆಂದು ಕತ್ತು ತಾನಾಗಿಯೇ ಎಳೆಯುತ್ತಿತ್ತು.

"ನಿಂಗೆ ಇದೆಲ್ಲ ಬರಲ್ಲ ಕಣೋ," ಎಂದಳು ಅಕ್ಕ.

"ಬರಲ್ಲ," ಎಂದೆ. "ಎಲ್ಲಿಂದ ಶುರು ಮಾಡ್ಬೇಕು, ಹೇಳು."