ಮೋಟುವಿನ ಜೊತೆಗಾರರು

ಅಪ್ಪ ಬಲೆ ಹಿಡಿದು ದೊಡ್ಡ ಟ್ಯಾಂಕಿನ ಮುಂದೆ ನಿಂತು ಆಗಲೇ ಬಹಳ ಹೊತ್ತಾಗಿತ್ತು. ಒಳಗೆ ಏಳು ಡಿಸ್ಕಸ್ ಮೀನುಗಳು, ಒಂದೊಂದೂ ತಿಂಡಿ ತಟ್ಟೆಯಷ್ಟು ಅಗಲ, ಒಂದರ ಹಿಂದೊಂದು ನಿಧಾನವಾಗಿ ಸುತ್ತುತ್ತಿದ್ದವು. ಅವುಗಳಲ್ಲಿ ಒಂದನ್ನು ಹಿಡಿದು ನನ್ನ ಕೋಣೆಯ ಸಣ್ಣ ಟ್ಯಾಂಕಿಗೆ ಹಾಕಬೇಕಿತ್ತು. ಅಲ್ಲಿ ಆಗಲೇ ಹೊಸಬರು ಬಂದಿಳಿದಿದ್ದರು. ಹೊಸ ಮೀನುಗಳಿಗೆ ಏನಾದರೂ ರೋಗವಿದ್ದರೆ ಮೊದಲು ಈ ಒಂದಕ್ಕೆ ತಗಲುತ್ತದೆ, ಉಳಿದ ಆರು ಬಚಾವಾಗುತ್ತವೆ. ಒಂದು ತಿಂಗಳು ಏನೂ ಆಗದಿದ್ದರೆ ಎಲ್ಲವನ್ನೂ ಒಟ್ಟಿಗೆ ಬಿಡುವುದು. ಡಿಸ್ಕಸ್ ಸಾಕುವವರಲ್ಲಿ ಹೀಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆ ಒಂದು ಮೀನನ್ನು ಮಾತ್ರ ಯಾರೂ ಕೇಳುವುದಿಲ್ಲ.

“ಮೋಟುನ ಹಾಕ್ತೀನಿ,” ಅಂದ ಅಪ್ಪ. “ಹೋದ್ರೆ ಅವನೊಬ್ಬ ಹೋಗ್ತಾನೆ. ದೊಡ್ಡ ನಷ್ಟ ಏನಿಲ್ಲ.”

ಮೋಟು ಅಂದರೆ ಬಾಲದ ತುದಿ ಹರಿದ, ಕಂದು ಬಣ್ಣದ, ಉಳಿದವುಗಳಿಗಿಂತ ಒಂದು ಸುತ್ತು ಚಿಕ್ಕ ಮೀನು. ಮರಿಯಿದ್ದಾಗ ಅಪ್ಪ ಅವನನ್ನು ಯಾರಿಗೋ ಮಾರಿದ್ದ. ಅಲ್ಲಿದ್ದ ಮೀನುಗಳು ಕಚ್ಚಿ ಕಚ್ಚಿ ಬಾಲ ಹರಿದು ಹಾಕಿದವು. ಕೊಂಡವರು ಅವನನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ವಾಪಸ್ ಕೊಟ್ಟು ಹೋದರು. ಸುಮಾರು ಅದೇ ಹೊತ್ತಿಗೆ ನಾನೂ ಗಂಡನ ಮನೆಯಿಂದ ಎರಡು ಸೂಟ್‌ಕೇಸ್ ಹಿಡಿದು ವಾಪಸ್ ಬಂದಿದ್ದೆ. ಹಾಗಾಗಿ ಅಪ್ಪನ ಮಾತು ಎಲ್ಲಿ ನಾಟಿತು ಅಂತ ಬಿಡಿಸಿ ಹೇಳಬೇಕಿಲ್ಲ. ಸಿಟ್ಟು ನೆತ್ತಿಗೇರಿತು.

“ಸಾಹೇಬನ್ನ ಹಾಕು,” ಅಂದೆ. ಸಾಹೇಬ ಅಂದರೆ ಅಪ್ಪನ ಕಣ್ಮಣಿ, ಕೆಂಪು ಮೈಯ ದೊಡ್ಡ ಗಂಡು.

“ತಲೆ ಕೆಟ್ಟಿದ್ಯಾ? ಅವನಿಗೆ ಏನಾದ್ರೂ ಆದ್ರೆ?”

“ಮೋಟುಗೆ ಆದ್ರೆ?”

ಅಪ್ಪ ಬಲೆ ಮುಳುಗಿಸಿದ. ಸಾಹೇಬ ಪೈಪಿಗೆ ಮೈ ಉಜ್ಜಿಕೊಂಡು ಆಚೆ ಸರಿದ. ಸ್ವಲ್ಪ ಕಾಲದಿಂದ ಅವನಿಗೆ ಈ ಚಾಳಿ ಹತ್ತಿತ್ತು. ಕೇಳಿದರೆ ಅಪ್ಪ “ಅದು ಅವನ ಗತ್ತು” ಅನ್ನುತ್ತಿದ್ದ. ಉಳಿದವೆಲ್ಲ ಮೂಲೆ ಸೇರಿದರೂ ಮೋಟು ಓಡಲಿಲ್ಲ. ಯಾರೋ ಕರೆದರೆಂಬಂತೆ ಬಲೆಯೊಳಗೆ ಬಂದ.

ಹೊಸಬರು ಯಾರೆಂದು ಹೇಳಬೇಕು. ಅಪ್ಪನದು ಕನ್ನಡಕದ ಅಂಗಡಿ. ಶಟರ್ ಎಳೆದು ಎಳೆದು ಭುಜ ಹಿಡಿದುಕೊಂಡಾಗ ಒಬ್ಬ ಫಿಸಿಯೋ ಹತ್ತಿರ ಹೋಗತೊಡಗಿದ. ಭುಜ ಎರಡು ತಿಂಗಳಲ್ಲಿ ಸರಿಹೋಯಿತು, ಹೋಗುವುದು ಮಾತ್ರ ನಿಲ್ಲಲಿಲ್ಲ. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಆ ಫಿಸಿಯೋ ಹೆಂಗಸೂ ಒಂಟಿ. ಮದುವೆಯಾಗುತ್ತೇವೆ ಅಂತ ಅಪ್ಪ ಒಂದು ಭಾನುವಾರ ಊಟದ ಮೇಜಿನ ಮೇಲೆ ನೀರಿನ ಲೋಟ ಸರಿಸಿದಷ್ಟೇ ಸಲೀಸಾಗಿ ಹೇಳಿದ. ಮೇಲಿನ ಮಹಡಿಯಲ್ಲಿರುವ ಅಣ್ಣ ಅತ್ತಿಗೆ ಮುಖ ಮುಖ ನೋಡಿಕೊಂಡರು. ನಾನು ಎದ್ದು ಹೋದೆ. ನನಗೆ ಆಕೆ ಬರುವುದು ಬೇಡವಾಗಿತ್ತು. ಕಾರಣ ಕೇಳಿದರೆ ಹೇಳಲು ಏನೂ ಇರಲಿಲ್ಲ. ಈ ಮನೆಯಲ್ಲಿ ನನಗೆ ಉಳಿದಿದ್ದ ಜಾಗವೇ ಚೋಟುದ್ದ. ಅದರಲ್ಲೂ ಪಾಲು ಕೊಡಬೇಕಾಗುತ್ತದೆ ಎಂಬ ಹೆದರಿಕೆ ಇರಬೇಕು.

ಆಕೆಯದು ಒಂದೇ ಷರತ್ತು. ಆಕೆಯ ಮನೆಯಲ್ಲಿ ಎಂಟು ಪುಟ್ಟ ಮೀಸೆ ಮೀನುಗಳಿದ್ದವು. ಕೋರಿ ಅನ್ನುತ್ತಾರೆ ಅವಕ್ಕೆ. ಅವನ್ನು ಬಿಟ್ಟು ಬರುವುದಿಲ್ಲ, ಅವಕ್ಕೆ ಜಾಗ ಆದಾಗಲೇ ನನಗೂ ಜಾಗ, ಅಂದಿದ್ದರಂತೆ.

ಅಪ್ಪನ ಟ್ಯಾಂಕಿನಲ್ಲಿ ಜಾಗ ಸಿಗುವುದು ಹುಡುಗಾಟವಲ್ಲ. ಹಿಂದೆ ಅಣ್ಣ ಗೋಲ್ಡ್‌ಫಿಷ್ ತಂದಾಗ ಬಾಗಿಲಲ್ಲೇ ತಡೆದಿದ್ದ. ಅವಕ್ಕೆ ತಣ್ಣೀರು, ಡಿಸ್ಕಸ್‌ಗೆ ಬೆಚ್ಚನೆ ನೀರು, ಒಬ್ಬರಿಗೆ ಸುಖವಾದರೆ ಇನ್ನೊಬ್ಬರಿಗೆ ಸಾವು. ಏಂಜಲ್ ಮೀನು ಬೇಡ, ಡಿಸ್ಕಸ್ ಬಾಯಿ ತೆರೆಯುವಷ್ಟರಲ್ಲಿ ಊಟವೆಲ್ಲ ಅದೇ ನುಂಗಿರುತ್ತದೆ. ಮೀನಿನ ಅಂಗಡಿಯವನು ಪಾಚಿ ತಿನ್ನುತ್ತದೆ ಅಂತ ಕೊಟ್ಟ ಮೀನೊಂದು ಪಾಚಿ ಬಿಟ್ಟು ಸಾಹೇಬನ ಪಕ್ಕೆಗೇ ಬಾಯಿ ಹಚ್ಚಿ ಮೈಲೋಳೆ ಹೀರಿತ್ತು. ಅವತ್ತು ಅಪ್ಪ ಅಂಗಡಿಯವನಿಗೆ ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೋರಿಗಳು ಮಾತ್ರ ಎಲ್ಲ ತಪಾಸಣೆಯಲ್ಲೂ ಪಾಸಾದವು. ಬಿಸಿ ತಡೆಯುತ್ತವೆ, ತಳದಲ್ಲಿ ಬಿದ್ದದ್ದನ್ನು ಹೆಕ್ಕಿ ತಿನ್ನುತ್ತವೆ, ಯಾರ ತಂಟೆಗೂ ಹೋಗುವುದಿಲ್ಲ. ಉಳಿದದ್ದು ರೋಗದ ಅನುಮಾನ ಒಂದೇ. ಅದಕ್ಕೆ ಮೋಟು, ಅದಕ್ಕೆ ನನ್ನ ಕೋಣೆ.

“ನಿನ್ನ ರೂಮಲ್ಲಿ ನೀನೊಬ್ಬಳೇ ಅಲ್ವಾ, ಜಾಗ ಇದೆ,” ಅಂದಿದ್ದ ಅಪ್ಪ, ಟ್ಯಾಂಕ್ ತಂದಿಡುವಾಗ.

ಅಪ್ಪ ದಿನಾ ಬೆಳಗ್ಗೆ ಬಂದು ಬಗ್ಗಿ ಗಾಜಿನೊಳಗೆ ನೋಡುತ್ತಿದ್ದ. ಮೋಟುವಿನ ಕಣ್ಣು, ಕಿವಿರು, ರೆಕ್ಕೆ ಎಲ್ಲ ನೋಡಿ, ಹೀಟರ್ ಮುಟ್ಟಿ, ಹೊರಟುಹೋಗುತ್ತಿದ್ದ. ನಾನು ವಾಪಸ್ ಬಂದ ಮೇಲೆ ಅಪ್ಪ ಆ ಕೋಣೆಯಲ್ಲಿ ಒಂದು ಸಲವೂ ಕೂತಿರಲಿಲ್ಲ.

ಸಂಜೆ ಆಕೆ ಬರುತ್ತಿದ್ದರು. ನಾನು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು. ದಿನವಿಡೀ ಬೇರೆಯವರ ವಸಡಿನ ಅಚ್ಚು ತಿದ್ದಿ, ಬೆರಳಿನ ಸಂದಿಯಲ್ಲಿ ಪ್ಲಾಸ್ಟರ್ ಪುಡಿ ಇಟ್ಟುಕೊಂಡು ಮನೆಗೆ ಬಂದರೆ, ನನ್ನದೇ ಮಂಚದ ತುದಿಯಲ್ಲಿ ಈಕೆ. ಮೀನು ನೋಡಲು ಬಂದವರು ಮೀನನ್ನೇ ನೋಡುತ್ತಿದ್ದರು, ನನ್ನನ್ನು ಪ್ರಶ್ನೆ ಕೇಳುತ್ತಿರಲಿಲ್ಲ. ಅದೂ ನನಗೆ ಕಿರಿಕಿರಿಯೇ. ಕೇಳಿದ್ದರೆ ಎರಡು ಮಾತು ಅನ್ನಬಹುದಿತ್ತು. ನಾನು ಬೇಕಂತಲೇ ಕಪಾಟಿನ ಬಾಗಿಲು ಧಡಾರ್ ಅಂತ ಹಾಕುತ್ತಿದ್ದೆ. ಅವರು ತಿರುಗಿಯೂ ನೋಡುತ್ತಿರಲಿಲ್ಲ.

ಮೂರನೇ ವಾರದ ಒಂದು ಸಂಜೆ ತಡೆಯಲಾಗದೆ ಕೇಳಿಯೇಬಿಟ್ಟೆ. “ಮೋಟುನ ಇಲ್ಲಿ ಯಾಕೆ ಹಾಕಿದಾರೆ ಗೊತ್ತಾ ನಿಮಗೆ?”

“ಗೊತ್ತು. ನನ್ನ ಮೀನಿಗೆ ಪರೀಕ್ಷೆ.”

“ಹೋದ್ರೂ ನಷ್ಟ ಇಲ್ಲ ಅಂತ ಅವನನ್ನ ಹಾಕಿದಾರೆ. ಹಾಗೇ ಹೇಳಿದ್ರು, ಬಾಯಿಬಿಟ್ಟು.”

ಆಕೆ ನನ್ನ ಕಡೆ ತಿರುಗಿದರು. “ಮತ್ತೆ ನಾನು ದಿನಾ ಬಂದು ನಿಮ್ಮ ರೂಮಲ್ಲೇ ಯಾಕೆ ಕೂರ್ತೀನಿ, ಅದು ನಿಮಗೆ ಗೊತ್ತಾ? ಟ್ಯಾಂಕ್ ಹಾಲ್‌ನಲ್ಲೂ ಇಡಬಹುದಿತ್ತು. ಮಗಳ ಜೊತೆ ಹೊಂದಿಕೊಂಡ್ರೆ ಸಾಕು, ಆಮೇಲೆ ಮಗ ಸೊಸೆ ಹತ್ರ ಮಾತಾಡ್ತೀನಿ ಅಂದ್ರು ನಿಮ್ಮಪ್ಪ.”

ನನ್ನ ಕೈಯಲ್ಲಿದ್ದ ಟವೆಲ್ ಅಲ್ಲೇ ನಿಂತಿತು. ಅಣ್ಣನನ್ನು ಯಾರೂ ಆಕೆಯ ಎದುರು ಕೂರಿಸಿರಲಿಲ್ಲ. ಅವನ ಸಂಸಾರದ ನೆಮ್ಮದಿ ಕೆಡಬಾರದು. ನನ್ನದು ಕೆಟ್ಟೇ ಇದೆಯಲ್ಲ. ಅಳು ಬರುವ ಮೊದಲು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಹೊರಗೆ ಬಂದಾಗ ಆಕೆ ಹೋಗಿದ್ದರು. ಈ ಪರೀಕ್ಷೆ ಫೇಲಾಗಲಿ ಅಂತ ಅವತ್ತು ಮನಸಾರೆ ಹಾರೈಸಿದೆ.

ಎರಡೇ ದಿನದಲ್ಲಿ ಹಾರೈಕೆ ಫಲಿಸುವ ಲಕ್ಷಣ ಕಂಡಿತು. ಲ್ಯಾಬಿನಿಂದ ಬಂದು ನೋಡಿದರೆ ಒಂದು ಕೋರಿ ತಳದಲ್ಲಿ ಪಕ್ಕಕ್ಕೆ ಒರಗಿ ಬಿದ್ದಿತ್ತು. ಇನ್ನೊಂದು ಮೇಲಕ್ಕೆ ಹೋಗಿ ಗಾಳಿ ಗುಟುಕರಿಸಿ ಕೆಳಗೆ ಬೀಳುವುದು, ಮತ್ತೆ ಹೋಗುವುದು. ಉಳಿದವು ಕಲ್ಲಿಗೆ ಮೈ ತಿಕ್ಕಿಕೊಳ್ಳುತ್ತಿದ್ದವು. ಅವುಗಳ ಕಿವಿರು ಓಡಿ ಬಂದವರ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಕೂಗಿ ಕರೆದೆ. ಅಪ್ಪ ಓಡಿ ಬಂದವನೇ ಬಗ್ಗಿ ನೋಡಿದ.

“ನಾನು ಹೇಳ್ಲಿಲ್ವಾ? ರೋಗ ಇಟ್ಕೊಂಡೇ ಬಂದಿವೆ. ಹೊರಗಿನ ಮೀನನ್ನ ನಂಬೋಹಾಗಿಲ್ಲ,” ಅಂದ. ಅವನ ಧ್ವನಿಯಲ್ಲಿ ದುಃಖವೂ ಇತ್ತು, ತನ್ನ ಲೆಕ್ಕ ತಪ್ಪಲಿಲ್ಲವೆಂಬ ಸಮಾಧಾನವೂ ಇತ್ತು. “ಮೋಟು ಇನ್ನು ಉಳಿಯಲ್ಲ ಬಿಡು.”

ನಾನು ಮೋಟುವನ್ನು ನೋಡಿದೆ. ಅವನು ನಟ್ಟ ನಡುವೆ ರೆಕ್ಕೆ ಬಿಚ್ಚಿ ನಿಂತಿದ್ದ. ಬೆಳಗ್ಗೆ ಹಾಕಿದ್ದನ್ನೆಲ್ಲ ತಿಂದು ಮುಗಿಸಿದ್ದ. ಉಸಿರಾಟ ನಿಧಾನ, ಕಣ್ಣು ಹೊಳೆಯುತ್ತಿತ್ತು. ಸುತ್ತ ಸಾವು ನಡೆಯುತ್ತಿದ್ದರೂ ಅವನ ಕೂದಲೂ ಕೊಂಕಿರಲಿಲ್ಲ, ಮೀನಿಗೆ ಹಾಗನ್ನಬಹುದಾದರೆ. ನನಗೆ ಏನೋ ಸರಿ ಅನ್ನಿಸಲಿಲ್ಲ. ಹಾಲ್‌ಗೆ ಹೋಗಿ ದೊಡ್ಡ ಟ್ಯಾಂಕಿನ ಮುಂದೆ ನಿಂತೆ. ಸಾಹೇಬ ಬಂದ, ಪೈಪಿಗೆ ಪಕ್ಕೆ ತಿಕ್ಕಿಕೊಂಡ, ತಿರುಗಿ ಮತ್ತೆ ತಿಕ್ಕಿಕೊಂಡ. ಕೋರಿಗಳು ಕಲ್ಲಿಗೆ ತಿಕ್ಕಿಕೊಂಡದ್ದೂ ಥೇಟ್ ಹಾಗೆಯೇ.

ಅಪ್ಪ ನನ್ನ ಹಿಂದೆಯೇ ಬಂದು ನಿಂತಿದ್ದ. ನಾನು ಸಾಹೇಬನ ಕಡೆ ಬೆರಳು ತೋರಿಸಿದೆ ಅಷ್ಟೆ. ಮೂವತ್ತು ವರ್ಷ ಮೀನು ಸಾಕಿದವನಿಗೆ ಅಷ್ಟು ಸಾಕಾಗಿತ್ತು. ರೋಗ ಬಂದದ್ದು ಹೊರಗಿನಿಂದಲ್ಲ. ಅದು ನಮ್ಮ ಟ್ಯಾಂಕಿನಲ್ಲೇ ಮೊದಲಿಂದ ಇತ್ತು. ನಮ್ಮ ಮೀನುಗಳಿಗೆ ಒಗ್ಗಿಹೋಗಿತ್ತು, ತುರಿಸಿಕೊಂಡು ಕಾಲ ಹಾಕುತ್ತಿದ್ದವು. ಮೋಟು ಅದನ್ನು ಮೈಯಲ್ಲಿ ಹೊತ್ತು ಬಂದು ಹೊಸಬರಿಗೆ ಹಚ್ಚಿದ್ದ, ಪಾಪ, ಅವನಿಗೂ ಗೊತ್ತಿಲ್ಲದೆ.

ಅಪ್ಪನ ಮುಖ ಇಳಿದುಹೋಯಿತು. “ಅವರಿಗೆ ಇದನ್ನೆಲ್ಲ ಹೇಳೋಕೆ ಹೋಗ್ಬೇಡ,” ಅಂದ, ಮೆಲ್ಲಗೆ.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಆಕೆ ಚಪ್ಪಲಿ ಬಿಟ್ಟು ಸೀದಾ ನನ್ನ ಕೋಣೆಗೆ ಹೋದರು. ನಾವಿಬ್ಬರೂ ಹಿಂದೆ ಹೋದೆವು. ಅವರು ಬಗ್ಗಿ ನೋಡಿದರು, ಕೈ ಒಳಗೆ ಹಾಕಿ ಒರಗಿದ್ದ ಕೋರಿಯನ್ನು ಅಂಗೈಯಲ್ಲಿ ತೆಗೆದುಕೊಂಡರು. ಅದು ಅಲುಗಲಿಲ್ಲ. “ಇದು ಎಲ್ಲಕ್ಕಿಂತ ಹಿರೀದು. ಆರು ವರ್ಷದಿಂದ ನನ್ನ ಜೊತೆ ಇತ್ತು,” ಅಂದರು.

“ನಿಮ್ಮ ಮೀನಿಗೆ ಮೊದಲೇ ಏನೋ ಇತ್ತು ಅನ್ಸುತ್ತೆ,” ಅಂದ ಅಪ್ಪ. ಮಾತಾಡುವಾಗ ಗೋಡೆ ನೋಡುತ್ತಿದ್ದ.

ಆಕೆಯ ಮುಖದಲ್ಲಿ ಬಣ್ಣ ಉಳಿಯಲಿಲ್ಲ. “ಇರಬಹುದು. ನನಗೇ ತಿಳೀಲಿಲ್ಲ. ಮೋಟುಗೂ ತಗಲಿದ್ರೆ ನಾನು ಹೇಗೆ ಮುಖ ತೋರಿಸ್ಲಿ?” ಸತ್ತ ಮೀನನ್ನು ಕರ್ಚೀಫಿನಲ್ಲಿ ಸುತ್ತಿದರು. “ಬೇಡ ಬಿಡಿ. ಉಳಿದಿದ್ದನ್ನ ಈಗಲೇ ತಗೊಂಡು ಹೋಗ್ತೀನಿ. ನಾನು ಈ ಮನೆಗೆ ಬರೋ ವಿಷಯನೂ ಇಲ್ಲಿಗೇ ಬಿಡೋಣ. ಬಂದ ಕಡೆ ಕೆಡುಕು ಹೊತ್ಕೊಂಡು ಬಂದವಳು ಅನ್ನಿಸ್ಕೊಳ್ಳೋದು ನನಗೆ ಬೇಡ.”

ಅಪ್ಪ ಬಗ್ಗಿ ಹೀಟರ್ ಮುಟ್ಟಿ ನೋಡಿದ.

ನಾನು ಬೇಡಿಕೊಂಡದ್ದು ಕೈಗೆ ಬಂದು ನಿಂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನಾಳೆಯಿಂದ ನನ್ನ ಮಂಚದ ಮೇಲೆ ಯಾರೂ ಕೂರುವುದಿಲ್ಲ, ನನ್ನ ಚೋಟುದ್ದ ಜಾಗ ನನ್ನದೇ. ಆದರೆ ಕೆಡುಕು ಹೊತ್ತು ಬಂದವಳು ಎಂಬ ಆ ಮಾತು ನಾನೂ ಕೇಳಿದ ಮಾತೇ ಆಗಿತ್ತು. ಗಂಡನ ಮನೆಯಲ್ಲಿ ಮಾವನ ವ್ಯಾಪಾರ ಮುಳುಗಿದಾಗ, ಅತ್ತೆಯ ಕಾಲು ಮುರಿದಾಗ, ಅಲ್ಲಿ ಮೊದಲಿನಿಂದ ಹಳಸಿದ್ದೆಲ್ಲ ನಾನು ಕಾಲಿಟ್ಟದ್ದರಿಂದಲೇ ಹಳಸಿತು ಅಂದಿದ್ದರು. ಆಗ ಪಕ್ಕದಲ್ಲಿ ನಿಂತಿದ್ದ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

“ರೋಗ ನಿಮ್ಮದಲ್ಲ,” ಅಂದೆ. “ನಮ್ಮದು. ಸಾಹೇಬನಿಗೆ ಎಷ್ಟೋ ದಿನದಿಂದ ಇದೆ. ಮೋಟು ಅದನ್ನ ತಂದ. ಅಪ್ಪನಿಗೂ ಗೊತ್ತು, ಈಗಷ್ಟೇ ಗೊತ್ತಾಯ್ತು.”

ಆಕೆ ಅಪ್ಪನನ್ನು ನೋಡಿದರು. ಅಪ್ಪ ತಲೆ ತಗ್ಗಿಸಿದ.

“ಹಾಗಾದ್ರೆ ಮೋಟುನ ನನಗೆ ಕೊಡಿ,” ಅಂದರು ಆಕೆ. “ನನ್ನವೂ ಇವನೂ ಈಗ ಒಂದೇ ನೀರಲ್ಲಿವೆ, ಒಟ್ಟಿಗೇ ಔಷಧಿ ಹಾಕ್ತೀನಿ. ಅವನು ಹೋದ್ರೂ ನಿಮಗೆ ನಷ್ಟ ಇಲ್ವಂತೆ.”

ಅಪ್ಪ ತಟ್ಟನೆ ನನ್ನ ಕಡೆ ತಿರುಗಿದ. ಆ ಮಾತು ಯಾರ ಬಾಯಿಂದ ಅಲ್ಲಿಗೆ ಹೋಯಿತು, ಯಾಕೆ ಹೋಯಿತು, ಎಲ್ಲ ಅವನಿಗೆ ಒಂದೇ ಸಲ ತಿಳಿದ ಹಾಗಿತ್ತು. ನಾನು ವಾಪಸ್ ಬಂದ ಮೇಲೆ ಅಪ್ಪ ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಬಂದು ನನ್ನ ಮಂಚದ ಮೇಲೆ ಕೂತ.

“ಹಾಗಂದಿದ್ದೆ,” ಅಂದ. “ತಪ್ಪಾಯ್ತು ಕಣೇ.” ಮೂಗು ಒರೆಸಿಕೊಂಡ. “ಮೋಟು ಎಲ್ಲಿಗೂ ಹೋಗೋದು ಬೇಡ. ಇದು ಅವನ ಮನೆ. ದೊಡ್ಡ ಟ್ಯಾಂಕಿಗೂ ಔಷಧಿ ಹಾಕ್ತೀನಿ.”

“ಆ ಔಷಧಿ ದೊಡ್ಡ ಮೀನಿಗೆ ತಡೆಯೋದು ಕಷ್ಟ ಅಂತೀಯಲ್ಲ ಯಾವಾಗ್ಲೂ. ಸಾಹೇಬ ಹೋದ್ರೆ?”

“ಹೋದ್ರೆ ಹೋಗ್ತಾನೆ,” ಅಂದ ಅಪ್ಪ. ಸುಳ್ಳು ಧೈರ್ಯವಾಗಿರಲಿಲ್ಲ ಅದು. ಆಮೇಲೆ, ಆಕೆ ಅಲ್ಲೇ ನಿಂತಿದ್ದರೂ, ನನ್ನನ್ನೇ ಕೇಳಿದ, “ಇವರು ಬರಬಹುದಾ ಮನೆಗೆ? ನೀನು ಹೇಳು.”

“ನನ್ನನ್ನ ಕೇಳ್ಬೇಡ ಅಪ್ಪ. ನಮ್ಮಂಥವರ ಜೊತೆ ಇರೋಕೆ ಆಗುತ್ತಾ ಅಂತ ಅವರನ್ನ ಕೇಳು.”

ಅಪ್ಪ ಕೇಳಿದ. ಆಕೆ ಕರ್ಚೀಫಿನ ಗಂಟನ್ನು ಕಿಟಕಿಯ ಬಳಿ ಇಟ್ಟರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿದ್ದ ಬಕೆಟ್ ಎಳೆದು, ಪೈಪಿನ ಒಂದು ತುದಿಯನ್ನು ಟ್ಯಾಂಕಿಗೆ ಇಳಿಸಿದರು. ಏಳು ಕೋರಿಗಳು ಇನ್ನೂ ಉಸಿರಾಡುತ್ತಿದ್ದವು.

“ಮೊದಲು ಅರ್ಧ ನೀರು ತೆಗೆಯೋಣ,” ಅಂದು, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. “ಹಿಡ್ಕೋ. ಬಿಡಬೇಡ.”

ಅಲ್ಲಿಯವರೆಗೆ ಅವರು ನನ್ನನ್ನು ನೀವು ಅನ್ನುತ್ತಿದ್ದರು. ನಾನು ಹಿಡಿದುಕೊಂಡೆ.