ಬುಟ್ಟಿಯ ಕೆಳಗಿನ ಅಕ್ಷರ

ಬರಹದ ಕಲ್ಲಿನ ಬೇಲಿಯ ಕೀಲಿಕೈ ಸಕೀನಾಬೀಯ ಕೈಗೆ ಹೋಯಿತು. ಅದರ ಹಿಂದೆಯೇ ಕಾವಲುಗಾರ್ತಿಯ ಹಿತ್ತಾಳೆಯ ಬಿಲ್ಲೆ. ಊರವರೆಲ್ಲ ಚಪ್ಪಾಳೆ ತಟ್ಟಿದರು. ಗುರುಲಿಂಗಮ್ಮನೂ ತಟ್ಟಿದಳು, ತಟ್ಟದಿದ್ದರೆ ಜನ ಏನಂದಾರು! ಹೊಟ್ಟೆಯೊಳಗೆ ಮಾತ್ರ ಬೆಂಕಿ ಬಿದ್ದಿತ್ತು.

"ಊರ ಕಲ್ಲು ಊರವರ ಕಾಯಬೇಕ್ರಿ," ಎಂದು ಅಮರಗುಂಡಪ್ಪ ಮಾಸ್ತರರು ಹೇಳುತ್ತಿದ್ದರು. ಹಳೆಯ ಶಾಸನಗಳನ್ನು ಉಳಿಸಬೇಕೆಂದು ಲಿಂಗಸುಗೂರಿನಲ್ಲಿ ಅವರೂ ನಾಲ್ಕು ಜನ ಗೆಳೆಯರೂ ಕೂಡಿ ಒಂದು ಮಂಡಳಿ ಕಟ್ಟಿದ್ದರು. ಮಸ್ಕಿಯಿಂದ ಎರಡು ಹರದಾರಿ ದೂರದ ಈ ಹಳ್ಳಿಗೆ ಬಂದು ಬರಹದ ಕಲ್ಲಿನ ಸುತ್ತ ತಂತಿ ಬೇಲಿ ಹಾಕಿಸಿದವರೂ ಅವರೇ. "ಇನ್ನ ಮ್ಯಾಲ ಇದಕ್ಕ ಯಾರೂ ಎಣ್ಣಿ ಹಚ್ಚಬ್ಯಾಡ್ರಿ. ಅಕ್ಷರದಾಗ ಜಿಡ್ಡು ಕೂತು ಓದಾಕ ಬರವಲ್ದು. ಸಕೀನಾಬೀನ ನೋಡ್ರಿ, ಕಲ್ಲು ಮನಿ ಮುಂದನ ಐತಿ, ಒಂದು ದಿನಾನೂ ಮುಟ್ಟಿ ಕೆಡಿಸಿಲ್ಲ."

ಮುಟ್ಟದೇ ಇದ್ದದ್ದೇ ದೊಡ್ಡ ಅರ್ಹತೆಯಂತೆ! ಇಪ್ಪತ್ತೆರಡು ವರ್ಷ ಪ್ರತಿ ಸೋಮವಾರ ಆ ಕಲ್ಲಿಗೆ ನೀರೆರೆದು, ಎಣ್ಣೆ ಹಚ್ಚಿದವಳು ಗುರುಲಿಂಗಮ್ಮ. ಅತ್ತೆಯಿಂದ ಬಂದ ಕೆಲಸ ಅದು. ಮನೆಯ ಒಗ್ಗರಣೆಗೆ ಇಲ್ಲದಿದ್ದರೂ ಕಲ್ಲಿಗೆ ಕುಸುಬಿ ಎಣ್ಣೆ ತಪ್ಪಿಸಿರಲಿಲ್ಲ. ಅವಳಿಗೆ ಓದಲು ಬಾರದು, ಆದರೆ ಹನ್ನೊಂದು ಸಾಲಿನ ಒಂದೊಂದು ತಿರುವೂ ಬೆರಳಿಗೆ ಗೊತ್ತಿತ್ತು. ಈಗ ಅವಳೇ ಕೆಡಿಸಿದವಳು, ಬೇಲಿಯ ಹೊರಗಿನವಳು.

ಇದು ಜಾತಿಯ ಮಾತಲ್ಲ. ಪ್ರತಿ ವರ್ಷ ಮೊಹರಮ್ಮಿಗೆ ಸಕೀನಾಬೀ ಕೊಟ್ಟ ಸಿಹಿ ಚೋಂಗೆ ರೊಟ್ಟಿಯನ್ನು ಬಾಯಿ ಚಪ್ಪರಿಸಿ ತಿಂದವಳು ಅವಳು. ನಾಲ್ಕು ವರ್ಷದ ಹಿಂದೆ, ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಮುಸಲ್ಮಾನರ ಮನೆಗಳ ಮೇಲೆ ದಾಳಿ ನಡೆದಾಗ, ಸಕೀನಾಬೀಯ ಮೂರೂ ಮಕ್ಕಳನ್ನು ತನ್ನ ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡವಳು. ಅಂಥವಳಿಗೆ ಸಕೀನಾಬೀಗೆ ಸಿಕ್ಕ ಒಂದು ಬಿಲ್ಲೆಯನ್ನು ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಸಕೀನಾಬೀಯೇ ಅವಳ ಬಾಗಿಲಿಗೆ ಬಂದಳು. ಸೆರಗಿಗೆ ಚುಚ್ಚಿದ್ದ ಬಿಲ್ಲೆ ಹುಣಸೆ ಹುಳಿ ಹಚ್ಚಿ ತಿಕ್ಕಿದ್ದರಿಂದ ಫಳಫಳ ಹೊಳೆಯುತ್ತಿತ್ತು.

"ಅಕ್ಕಾ, ಎಂಟು ದಿನದಾಗ ಕಲ್ಲಿನ ಜಿಡ್ಡು ತೆಗೀಬೇಕಂತ. ಮಾಸ್ತರ್ ಅಷ್ಟು ಹೇಳಿ ಬಸ್ ಹತ್ತಿಬಿಟ್ರು, ಹೆಂಗ ತೆಗೀಬೇಕಂತ ಹೇಳ್ಲಿಲ್ಲ. ಹಚ್ಚಿದಾಕಿ ನೀನ, ತೆಗಿಯೂದೂ ನಿನಗ ಗೊತ್ತಿರತೈತಿ."

ಗುರುಲಿಂಗಮ್ಮ ಬಿಲ್ಲೆಯಿಂದ ಕಣ್ಣು ಕೀಳದೆ ಹೇಳಿದಳು: "ಇಟ್ಟಂಗಿ ಪುಡಿ ಹಾಕಿ ಗಟ್ಟಿ ತಿಕ್ಕು. ಕೊಡ ತಿಕ್ಕಿದಂಗ."

"ನಿನ್ನ ಹೊಟ್ಟಿ ತಣ್ಣಗಿರಲಿ," ಎಂದು ಸಕೀನಾಬೀ ಹೊರಟಳು.

ಅದು ಮೆತ್ತನೆಯ ಬಳಪದ ಕಲ್ಲು. ಇಟ್ಟಿಗೆ ಪುಡಿ ಅದನ್ನು ತಿನ್ನುತ್ತದೆಂದು ಗುರುಲಿಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆಯ ಬಳಪದ ಕಲ್ಲಿನ ಮರಿಗೆಯನ್ನು ಹಾಗೆಯೇ ತಿಕ್ಕಿ, ಅಂಚಿನಲ್ಲಿ ಕೆತ್ತಿದ್ದ ಬಳ್ಳಿಯನ್ನೆಲ್ಲ ಸವೆಸಿ ಬೈಸಿಕೊಂಡಿದ್ದಳು.

ರೊಟ್ಟಿ ಬಡಿಯಲು ಕೂತಳು. ಆಚೆಯಿಂದ ಕರಕರ ಸದ್ದು ಬಂತು. ತಿಕ್ಕಲಿ, ಎಂದುಕೊಂಡು ಮೊದಲನೆಯ ರೊಟ್ಟಿ ಬಡಿದಳು. ಕೆಡಲಿ, ಬಿಲ್ಲೆ ಕಸಿದುಕೊಳ್ಳಲಿ, ಎಂದುಕೊಂಡು ಎರಡನೆಯದನ್ನು ಬಡಿದಳು. ಸದ್ದು ನಿಲ್ಲಲಿಲ್ಲ. ಅತ್ತೆ ಮೊದಲ ಸೋಮವಾರ ತನ್ನ ಬೆರಳು ಹಿಡಿದು ಅಕ್ಷರದ ಗುಳಿಯಲ್ಲಿ ಎಣ್ಣೆ ಎಳೆಸಿದ್ದು ನೆನಪಾಯಿತು. ಮೂರನೆಯ ರೊಟ್ಟಿ ಕೈಯಲ್ಲೇ ಹರಿಯಿತು. ಹಂಚಿನ ಮೇಲಿದ್ದದ್ದನ್ನು ಹಾಗೆಯೇ ಬಿಟ್ಟು ಎದ್ದು ಓಡಿದಳು.

"ಬಿಡು! ಬಿಡು ಬೇ ಸಕೀನಾ!"

ಸಕೀನಾಬೀ ಕೆಂಪಾದ ಕೈಗಳನ್ನು ಎತ್ತಿ ಹಿಡಿದು ಬೆರಗಾಗಿ ನೋಡಿದಳು. "ನೀನ ಹೇಳಿದ್ದಿ ಅಲ್ಲೇನು?"

"ಹೌದು, ನಾನ ಹೇಳಿದ್ದೆ. ಕಲ್ಲು ಕೆಡ್ಲಿ, ಕೆಟ್ಟ ಹೆಸರು ನಿನಗ ಬರ್ಲಿ ಅಂತ ಹೇಳಿದ್ದೆ. ನನಗ ಹೊಟ್ಟಿ ಉರೀತು."

ಸಕೀನಾಬೀ ಕೈಯಲ್ಲಿದ್ದ ನಾರನ್ನು ನೆಲಕ್ಕೆ ಎಸೆದಳು. "ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೋಬೇಕಿತ್ತು. ಕಲ್ಲು ಏನು ಮಾಡಿತ್ತು ನಿನಗ?"

ಗುರುಲಿಂಗಮ್ಮ ಪಕ್ಕದಲ್ಲಿದ್ದ ಕೊಡ ಬಗ್ಗಿಸಿ ಕಲ್ಲಿಗೆ ನೀರು ಸುರಿದು, ಕಣ್ಣು ಮುಚ್ಚಿ ಬೆರಳಾಡಿಸಿದಳು. ಮೊದಲ ಸಾಲಿನ ಎರಡು ಅಕ್ಷರ ಇದ್ದವು. ಮೂರನೆಯದರ ಜಾಗದಲ್ಲಿ ಬೆರಳು ಸುಮ್ಮನೆ ಜಾರಿತು. ಮತ್ತೊಮ್ಮೆ ಆಡಿಸಿದಳು, ಮತ್ತೂ ಜಾರಿತು.

"ಒಂದು ಹೋಗೇತಿ," ಎಂದಳು.

"ಏನಿತ್ತು ಅಲ್ಲಿ?"

"ಓದಾಕ ನನಗೆಲ್ಲಿ ಬರತೈತಿ?"

"ಬರಿಯಾಕ?"

ಬೇಲಿಯೊಳಗೆ ನೀರು ಬಿದ್ದು ಕೆಸರಾಗಿತ್ತು. ಗುರುಲಿಂಗಮ್ಮ ಬೇಲಿಯ ಹೊರಗೆ ಬಂದು ಒಣಮಣ್ಣಿನಲ್ಲಿ ಕೂತಳು. ಬೆರಳು ತಾನಾಗಿ ಎಡಕ್ಕೆ ಬಾಗಿತು, ಸುತ್ತಿ ಬಂದು ಮೇಲೇರಿತು, ಕೆಳಗೊಂದು ಬಾಲ ಎಳೆದು ನಿಂತಿತು. ಅಷ್ಟರಲ್ಲಿ ಕೋಳಿಗಳು ಕೆದರುತ್ತ ಇತ್ತಲೇ ಬಂದವು. ಸಕೀನಾಬೀ ಮನೆಯೊಳಗೆ ಓಡಿ ಹೋಗಿ ಬಿದಿರಿನ ಬುಟ್ಟಿ ತಂದು ಆ ಅಕ್ಷರದ ಮೇಲೆ ಬೋರಲು ಹಾಕಿದಳು.

"ಈಗಿನ ಬಸ್ಸಿಗೆ ಮಾಸ್ತರಿಗೆ ಹೇಳಿ ಕಳಸ್ತೀನಿ, ಸಂಜಿಗೆ ಬರ್ತಾರ. ನೀ ಮಾಡಿದ್ದೂ ಹೇಳ್ತೀನಿ ಅಕ್ಕಾ, ಮುಚ್ಚಿಡಂಗಿಲ್ಲ. ನೀ ಬರದದ್ದೂ ತೋರಸ್ತೀನಿ."

ಗೇಟಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ರಸ್ತೆಯತ್ತ ನಡೆದಳು. ಗುರುಲಿಂಗಮ್ಮನ ಕಣ್ಣು ಆ ಸೊಂಟದ ಹಿಂದೆಯೇ ತಿರುವಿನವರೆಗೂ ಹೋಯಿತು. ಉರಿ ಇನ್ನೂ ಆರಿರಲಿಲ್ಲ.

ಮನೆಯ ಕಡೆಯಿಂದ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಅವಳು ಏಳಲಿಲ್ಲ. ಗಾಳಿಗೆ ಹಾರದಿರಲೆಂದು ಬುಟ್ಟಿಯ ಮೇಲೊಂದು ಕಲ್ಲು ಹೇರಿ, "ಹುಶ್" ಎಂದು ಕೋಳಿ ಓಡಿಸುತ್ತ, ಸಂಜೆಯ ಬಸ್ಸಿಗಾಗಿ ಅಲ್ಲೇ ಕೂತಳು.