ಬೆಳೆಯುತ್ತಿದ್ದ ಟೈರು

ಕೋಣೆಯ ಟೈರು ಕೊಳೆಯಿತು, ಓಣಿಯ ಟೈರು ಬೆಳೆಯಿತು. ಗಾದೆಯಲ್ಲಿ ಇರುವುದು ಕೂಸು, ಟೈರಲ್ಲ ಎಂದು ನನಗೂ ಗೊತ್ತು. ನಾನೂ ಕಾಲೇಜಿನ ಮೆಟ್ಟಿಲು ಹತ್ತಿದವನೇ, ಫೇಲು ಮಾಡಿ ಮಾಡಿ ಬೇಗ ಇಳಿಯಲೂ ಬಿಡಲಿಲ್ಲ ಅಲ್ಲಿನವರು. ಆದರೆ ಓಡಿ ಓಡಿ ಒಂದು ಟೈರು ಬೆಳೆದದ್ದನ್ನು ನಮ್ಮ ಭಾವ ಮೂರು ದಿನ ಕಣ್ಣಾರೆ ಕಂಡು, ಕೈಯಾರೆ ಬರೆದಿಟ್ಟಿದ್ದಾರೆ. ಇಲ್ಲಿ ಹೇಳುವುದೆಲ್ಲ ನಿಜ. ನಡುವೆ ಬರುವ ಸುಳ್ಳುಗಳೂ ನಿಜವಾಗಿ ನಾನು ಹೇಳಿದ ಸುಳ್ಳುಗಳೇ.

ಭಾವ ಎಂದರೆ ಅಕ್ಕನ ಗಂಡ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಕರೆಯುವುದು ಭಾವ ಎಂದಾದರೂ ಅವರು ನಂಬುವುದು ಅಳತೆಯನ್ನು ಮಾತ್ರ. ಚಹಾ ಬಿಸಿ ಇದೆಯೇ ಎಂದರೆ ಲೋಟ ಮುಟ್ಟುವುದಿಲ್ಲ, ಥರ್ಮಾಮೀಟರ್ ಹುಡುಕುತ್ತಾರೆ. "ಕಣ್ಣು ಸುಳ್ಳು ಹೇಳುತ್ತೆ ಮಹರಾಯ, ಅಳತೆ ಹೇಳಲ್ಲ." ನಾನು ರೇಡಿಯೊ ಜಾಹೀರಾತುಗಳಿಗೆ ದನಿ ಕೊಡುವವನು. ಬೆಳಿಗ್ಗೆ ಹಲ್ಲುಪುಡಿ ಮಾರುವ ಬೊಚ್ಚುಬಾಯಿ ಅಜ್ಜ, ಮಧ್ಯಾಹ್ನ ಸೋಪು ಮಾರುವ ಜೋರಿನ ಅತ್ತೆ, ಸಂಜೆ ವಿಮೆ ಮಾರುವ ಗಂಭೀರ ಗಂಡಸು, ಮೂವರೂ ನಾನೇ.

ಇಂಥ ನಾವಿಬ್ಬರು ಒಂಬತ್ತು ದಿನಕ್ಕೆ ಮೂರು ಸಾವಿರ ಕಿಲೋಮೀಟರ್ ಸುತ್ತಿ ಬರಲು ಎರಡು ಬೈಕುಗಳಲ್ಲಿ ಹೊರಟೆವು. ಬೆಟ್ಟ ಹತ್ತಿ ಆಚೆ ಇಳಿದು ಬಳಸಿಕೊಂಡು ಬರುವ ದಾರಿ. ಅರ್ಧ ಡಾಂಬರು, ಅರ್ಧ ಜಲ್ಲಿ. ಗೇಟಿನ ಬಳಿ ಅಕ್ಕ ನನ್ನ ಹೆಲ್ಮೆಟ್ಟಿನ ಮೇಲೆ ಟಕಟಕ ಬಡಿದಳು.

"ನೋಡೋ, ಇವರು ದಾರಿ ನೋಡಲ್ಲ, ಮೀಟರ್ ನೋಡ್ತಾರೆ. ಹೋದ ಹಾಗೇ ವಾಪಸ್ ತಂದು ಒಪ್ಪಿಸಬೇಕು. ಒಂದು ಗೀರು ಬಿದ್ದಿದ್ರೂ ನೀನು ಈ ಗೇಟ್ ದಾಟಬೇಡ."

"ಗೀರು ಬೈಕಿಗಾ, ಭಾವನಿಗಾ?"

"ಇಬ್ಬರಿಗೂ!"

ಭಾವನ ಹಿಂದಿನ ಟೈರು ಆಗಲೇ ಅರ್ಧ ಸವೆದಿತ್ತು. ಹೊಸದು ಹಾಕಿಸಿ ಎಂದು ನಾನು ಹೇಳದೆ ಇರಲಿಲ್ಲ. ಅವರು ನಕ್ಕರು. "ಗ್ರಿಪ್ಪು ನಾಲ್ಕು ಮಿಲಿಮೀಟರ್ ಇದೆ. ಗಾಳಿ ಸರಿ ಇಟ್ಟು, ಬ್ರೇಕ್ ಮೆತ್ತಗೆ ಹಿಡಿದ್ರೆ ಮನೆ ಬಾಗಿಲಿಗೆ ಬರೋವಾಗ ಒಂದೂವರೆ ಉಳಿದಿರುತ್ತೆ. ಇಡೀ ಸ್ಟಾಫ್ ರೂಮಿನ ಮುಂದೆ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸಿ ಬಂದಿದೀನಿ."

ಅಳೆಯುವುದಕ್ಕೆ ಅವರ ಬಳಿ ಇದ್ದದ್ದು ಒಂದು ಬೆಂಕಿಕಡ್ಡಿ. ಮನೆಯಲ್ಲೇ ಸ್ಕೇಲಿಟ್ಟು, ನೀಲಿ ಪೆನ್ನಿನಲ್ಲಿ ಅರ್ಧರ್ಧ ಮಿಲಿಮೀಟರಿಗೆ ಒಂದು ಗೆರೆ ಎಳೆದುಕೊಂಡು ಬಂದಿದ್ದರು. ಪ್ರತಿ ಸಂಜೆ ಲಾಡ್ಜಿನ ಅಂಗಳದಲ್ಲಿ ಗಾಡಿ ನಿಲ್ಲಿಸಿದ ಕೂಡಲೇ, ಬ್ಯಾಗು ಇಳಿಸುವ ಮೊದಲೇ, ಮಂಡಿಯೂರಿ ಗ್ರಿಪ್ಪಿನ ಸಂದಿಗೆ ಕಡ್ಡಿ ಇಳಿಸಿ, ಕನ್ನಡಕ ಹಣೆಗೇರಿಸಿ ಓದಿ, ನೋಟ್‌ಬುಕ್ಕಿನಲ್ಲಿ ಬರೆಯುವುದು. ನೋಡಿದವರು ಟೈರಿಗೆ ಔಷಧಿ ಹಾಕುತ್ತಿದ್ದಾರೆ ಅಂದುಕೊಳ್ಳಬೇಕು.

ಎರಡನೆಯ ಸಂಜೆ ಕಡ್ಡಿ ಮೂರು ತೋರಿಸಿತು. ಅವರ ಲೆಕ್ಕದ ಪ್ರಕಾರ ಮೂರೂವರೆ ಇರಬೇಕಿತ್ತು. ಜಲ್ಲಿಗೆ ಬೋರ್ಡಿನ ಮೇಲಿನ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ. ಭಾವನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. ತಟ್ಟೆಯ ಊಟ ತಣ್ಣಗಾದರೂ ಮುಟ್ಟಲಿಲ್ಲ. ಅದನ್ನು ಕಂಡು ನನ್ನ ಮನಸ್ಸು ಕರಗಿತು. ಕರಗಿದ ನನ್ನ ಮನಸ್ಸು ಹರಿಯುವುದು ಯಾವಾಗಲೂ ಕಿಡಿಗೇಡಿತನದ ಕಡೆಗೇ. ಅವರು ಸ್ನಾನಕ್ಕೆ ಹೋದಾಗ ಇನ್ನೊಂದು ಬೆಂಕಿಕಡ್ಡಿ ತೆಗೆದು, ಅವರದೇ ಪೆನ್ನಿನಲ್ಲಿ, ಗೆರೆಗಳನ್ನು ಒಂಚೂರು ಒತ್ತೊತ್ತಾಗಿ ಎಳೆದು ಡಬ್ಬಿಯಲ್ಲಿಟ್ಟೆ. ಹಳೆಯ ಕಡ್ಡಿಯನ್ನು ಗೀರಿ, ಸ್ಟೌ ಹಚ್ಚಿ, ಇಬ್ಬರಿಗೂ ಚಹಾ ಮಾಡಿದೆ. ಸಾಕ್ಷಿ ಹೋಯಿತು, ಚಹಾ ಬಂತು.

ಮೂರನೆಯ ಸಂಜೆ ಟೈರು ಮೂರೂವರೆ. ಭಾವ ಮೂರು ಸಲ ಅಳೆದರು. ನಾಲ್ಕನೆಯ ಸಂಜೆ, ಇನ್ನೂ ಒತ್ತಾದ ಗೆರೆಗಳ ಕೃಪೆಯಿಂದ, ನಾಲ್ಕು. ಅವರು ಎದ್ದು ನಿಂತು ಟೈರನ್ನು ಒಂದು ಸುತ್ತು ಬಂದರು.

"ಇದು ಬೆಳೀತಿದೆ ಕಣೋ!"

"ಒಳ್ಳೇ ದಾರಿ, ಒಳ್ಳೇ ಗಾಳಿ. ಮೈ ಹತ್ತಿರಬೇಕು ಬಿಡಿ ಭಾವ."

"ತಮಾಷೆ ಅಲ್ಲ. ಎತ್ತರಕ್ಕೆ ಹೋದ ಹಾಗೆ ಹೊರಗಿನ ಗಾಳಿ ಒತ್ತಡ ಕಮ್ಮಿ ಆಗುತ್ತೆ. ರಬ್ಬರ್ ಉಬ್ಬುತ್ತೆ. ಇದನ್ನ ಇವತ್ತಿನವರೆಗೆ ಯಾರೂ ಗಮನಿಸೇ ಇಲ್ಲ!"

ಗಮನಿಸಿದವರು ಗಮನಿಸದವರ ಮೇಲೆ ತೋರಿಸುವ ಕನಿಕರದಿಂದ ಅವರು ಆ ಸಂಜೆಯೇ ಟೈರು ಕಂಪನಿಗೆ ಫೋನ್ ನಂಬರಿನ ಸಮೇತ ಮೂರು ಪುಟದ ಇಮೇಲ್ ಬರೆದು ಕಳಿಸಿದರು. ಕಡ್ಡಿಯನ್ನು ಗುಡ್ಡ ಮಾಡುವುದು ಅಂತಾರಲ್ಲ, ಇವರು ಅದನ್ನು ಬೆಟ್ಟಕ್ಕೇ ಏರಿಸಿದ್ದರು. ನಾನು ಹೊದಿಕೆ ಕಚ್ಚಿಕೊಂಡು ನಕ್ಕೆ.

ನಗು ನಿಂತದ್ದು ಐದನೆಯ ದಿನ. ಬೆಳೆಯುವ ಟೈರಿಗೆ ಮೆತ್ತನೆಯ ಬ್ರೇಕೇಕೆ? ಭಾವ ತಿರುವಿನಲ್ಲೆಲ್ಲ ಕಾಲು ಒತ್ತಿ, ಹಿಂದಿನ ಚಕ್ರ ಜಾರಿಸಿಕೊಂಡು, ಜಲ್ಲಿ ಹಾರಿಸುತ್ತ ಹತ್ತಿದರು. ಸಂಜೆ ಬೆಟ್ಟದ ಮೇಲಿನ ಸಣ್ಣ ಪೇಟೆ ಸೇರಿ, ಅವರು ರೂಮಿನ ಬೀಗದ ಕೈ ಕೇಳಲು ಹೋದಾಗ, ನಾನು ಮೊದಲ ಬಾರಿಗೆ ಕಡ್ಡಿ ಬಿಟ್ಟು ಟೈರನ್ನು ನೋಡಿದೆ. ನಡುವಿನ ಪಟ್ಟೆ ನಾನು ಓದಿದ ಕಾಲೇಜಿನ ಪ್ರಾಂಶುಪಾಲರ ತಲೆಯಷ್ಟು ಬೋಳು. ಅಲ್ಲಲ್ಲಿ ಚೂಪುಗಲ್ಲಿನ ಬಾಯಿಬಿಟ್ಟ ಗಾಯಗಳು. ಮರುದಿನದ ದಾರಿ ಎಂಬತ್ತು ಕಿಲೋಮೀಟರ್ ಇಳಿಜಾರು, ಬರಿಯ ಕಲ್ಲು, ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಏನೂ ಇಲ್ಲ. ಅಕ್ಕ ಹೆಲ್ಮೆಟ್ಟಿನ ಮೇಲೆ ಬಡಿದ ಟಕಟಕ ಈಗ ಎದೆಯೊಳಗೆ ಕೇಳಿಸಿತು.

"ಭಾವ, ನಾಳೆ ಹೊರಡೋ ಮುಂಚೆ ಟೈರ್ ಬದಲಾಯಿಸೋಣ."

"ಹುಚ್ಚಾ? ನಾಲ್ಕೂವರೆ ಇದೆ! ಈಗ ತಾನೇ ಅಳೆದೆ."

ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ. "ಅಳತೆ ಸುಳ್ಳು ಭಾವ. ಕಡ್ಡಿ ಬದಲಾಯಿಸಿದ್ದು ನಾನು. ದಿನಕ್ಕೊಂದು."

ಅವರು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. "ಹಾಗಾದ್ರೆ ನನ್ನ ಕಡ್ಡಿ ಎಲ್ಲಿ?"

"ಗೀರಿದೆ. ಚಹಾಕ್ಕೆ."

"ಸರಿ. ಮದುವೆ ದಿನ ನನಗೆ ಫೋನ್ ಮಾಡಿ, ಮದುಮಗಳು ಬರಲ್ಲ ಅಂತ ನನ್ನ ಮಾವನ ದನಿಯಲ್ಲಿ ಹೇಳಿದವನು ನೀನು. ನೀನು ನಿಜ ಹೇಳ್ತೀನಿ ಅಂದ್ರೆ ಅದಕ್ಕಿಂತ ದೊಡ್ಡ ಸುಳ್ಳು ಬೇರೆ ಇಲ್ಲ. ಭಾವನಿಗೆ ಹೆಸರು ಬರುತ್ತೆ ಅಂತ ಹೊಟ್ಟೆಕಿಚ್ಚು, ಅಷ್ಟೇ."

"ಭಾವ, ಕಣ್ಣು ಬಿಟ್ಟು ನೋಡಿ, ಬೋಳಾಗಿದೆ!"

"ಕಣ್ಣು ಸುಳ್ಳು ಹೇಳುತ್ತೆ" ಎಂದು ಅವರು ಟವೆಲು ಹೆಗಲಿಗೆ ಹಾಕಿಕೊಂಡರು.

ನಿಜ ಸೋತ ಕಡೆ ಮತ್ತೇನು ಉಳಿದಿತ್ತು? ಅವರು ಸ್ನಾನ ಮುಗಿಸಿ ಮೆಟ್ಟಿಲ ಮೇಲೆ ಕೂತಾಗ ನಾನು ಲಾಡ್ಜಿನ ಕೌಂಟರಿನ ಹಿಂದಿನ ಫೋನಿನಿಂದ ಅವರ ನಂಬರು ಒತ್ತಿದೆ. ಸೋದರಮಾವನ ಕೆಮ್ಮು, ವಿಮೆ ಗಂಡಸಿನ ಗಂಟಲು, ಎರಡನ್ನೂ ಬೆರೆಸಿ ಒಬ್ಬ ಹಿರಿಯರನ್ನು ತಯಾರಿಸಿದೆ. ಕಿಟಕಿಯಿಂದ ಭಾವನ ಬೆನ್ನು ಕಾಣುತ್ತಿತ್ತು.

"ಹಲೋ... ಖ್ಖೊ... ಟೈರು ಸಂಶೋಧನಾಲಯದ ನಿರ್ದೇಶಕ ಮಾತಾಡ್ತಿರೋದು. ನಿಮ್ಮ ಪತ್ರ ಓದಿದೆ. ಮೂರು ಪುಟಾನೂ."

ಭಾವ ಎದ್ದು ನಿಂತರು! ಒದ್ದೆ ಟವೆಲಿನಲ್ಲೇ ನೆಟ್ಟಗೆ ನಿಂತು, "ನಮಸ್ಕಾರ ಸರ್" ಎಂದರು.

"ಆ ಟೈರು ಈಗ ಟೈರಲ್ಲ ಸ್ವಾಮಿ, ಪುರಾವೆ. ಇನ್ನು ಒಂದು ಹೆಜ್ಜೆಯೂ... ಖ್ಖೊ... ಓಡಿಸಕೂಡದು. ನಾಳೆ ಬೆಳಿಗ್ಗೇನೆ ಬಿಚ್ಚಿಸಿ, ಹಾಗೇ ನಮಗೆ ತಲುಪಿಸಿ. ಗಾಡಿಗೆ ಹೊಸದು ಹಾಕಿಸಿಕೊಳ್ಳಿ."

"ಖಂಡಿತ ಸರ್. ಸರ್, ನಿಮ್ಮ ಕೆಮ್ಮು ಒಣಕೆಮ್ಮು ಅನ್ಸುತ್ತೆ. ಬಿಸಿನೀರಿಗೆ ಸ್ವಲ್ಪ ಜೇನು ಹಾಕಿ ಕುಡೀರಿ ಸರ್."

ನನಗೆ ನಿಜವಾಗಿಯೂ ಕೆಮ್ಮು ಬಂತು.

ಬೆಳಿಗ್ಗೆ ಬಸ್ ನಿಲ್ದಾಣದ ಪಕ್ಕದ ಟೈರಂಗಡಿಗೆ ಹೋದೆವು. ಅಂಗಡಿ ನಡೆಸುವವಳು ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಪೇಟೆಗೆಲ್ಲ ಅವಳು ಟೈರಮ್ಮ. ಎರಡು ಕಬ್ಬಿಣದ ಪಟ್ಟಿಯಿಂದ ಚಕ್ರದ ಅಂಚು ಎಬ್ಬಿಸಿ, ಎರಡು ನಿಮಿಷದಲ್ಲಿ ಟೈರು ಕಳಚಿದಳು. ಒಂದು ಗಾಯದ ಮೇಲೆ ಹೆಬ್ಬೆರಳು ಒತ್ತಿದಳು. ಒಳಗಿನ ಬಿಳಿ ನೂಲು ಹಲ್ಲು ಕಿರಿಯಿತು.

"ಇದರಲ್ಲಿ ಕಲ್ಲುದಾರಿ ಇಳಿಯೋಕೆ ಹೊರಟಿದ್ರಾ ಮೇಷ್ಟ್ರೇ? ಮೂರನೇ ತಿರುವು ದಾಟ್ತಿರಲಿಲ್ಲ."

"ಅಮ್ಮಾ, ಅದು ನಾಲ್ಕೂವರೆ ಮಿಲಿಮೀಟರ್" ಎಂದು ಭಾವ ಕಡ್ಡಿ ಇಳಿಸಿ ತೋರಿಸಿದರು.

ಟೈರಮ್ಮ ಗೋಡೆಯ ಮೊಳೆಯಿಂದ ಒಂದು ಹಿತ್ತಾಳೆಯ ಅಳತೆಪಟ್ಟಿ ತೆಗೆದು ಅದೇ ಸಂದಿಗೆ ಇಳಿಸಿದಳು. "ಪಕ್ಕದಲ್ಲಿ ಒಂದೂವರೆ. ನಡುವೆ ಸೊನ್ನೆ. ನಿಮ್ಮ ಕಡ್ಡಿ ಯಾವ ಶಾಲೆಗೆ ಹೋಗಿತ್ತು?"

ಭಾವ ಆ ಪಟ್ಟಿಯನ್ನು ಇಸಿದುಕೊಂಡು ಅದರ ಮೇಲೆ ಕಡ್ಡಿಯನ್ನು ಮಲಗಿಸಿದರು. ಗೆರೆಗೆ ಗೆರೆ ಕೂಡಲಿಲ್ಲ. ಆಮೇಲೆ ಬಿಳಿ ನೂಲನ್ನು ಒಂದು ಬೆರಳಿನಿಂದ ಸವರಿದರು. ಅವರ ಕುತ್ತಿಗೆ ಕೆಂಪಾಗುತ್ತಾ ಬಂತು. ನಾನು ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಅಳೆದೆ. ಕಣ್ಣಳತೆಯಲ್ಲಿ ನಾಲ್ಕು.

"ನಿನ್ನೆ ನೀನು ಹೇಳಿದ್ದು..."

"ನಿಜ ಭಾವ."

"ಚಹಾ?"

"ಅದೂ."

"ಮತ್ತೆ... ನಿರ್ದೇಶಕರು?"

ತಲೆ ತಗ್ಗಿಸಿ, ಸಣ್ಣಗೆ ಒಮ್ಮೆ ಕೆಮ್ಮಿದೆ. "ಖ್ಖೊ."

ಭಾವನ ಹೊಟ್ಟೆ ಒಮ್ಮೆ ಅಲುಗಿತು. ಇನ್ನೊಮ್ಮೆ. "ಟವೆಲಿನಲ್ಲಿ..." ಎಂದರು. ಮುಂದೆ ಹೇಳಲಾಗಲಿಲ್ಲ. "ಟವೆಲಿನಲ್ಲಿ ಎದ್ದು ನಿಂತಿದ್ದೆ ಕಣೋ! ಇವನಿಗೆ ಜೇನು ಕುಡಿ ಅಂದೆ!" ಎಂದವರೇ ಹಿಂದಕ್ಕೆ ವಾಲಿ, ಒಂದರ ಮೇಲೊಂದು ಜೋಡಿಸಿಟ್ಟ ಹಳೆಯ ಟೈರುಗಳ ನಡುವಿನ ತೂತಿನೊಳಗೆ ಕುಸಿದರು. ಹೊರಗೆ ಕಾಣುತ್ತಿದ್ದದ್ದು ಎರಡು ಮೊಣಕಾಲು, ಒಂದು ಕನ್ನಡಕ. ಒಳಗಿನಿಂದ ನಗು ಉಕ್ಕುತ್ತಲೇ ಇತ್ತು. ಟೈರಮ್ಮ ಒಂದು ಕೈ, ನಾನು ಒಂದು ಕೈ ಹಿಡಿದು ಎಳೆದೆವು. ಅರ್ಧ ಮೇಲೆ ಬಂದು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಅಳತೆಗಳು ನೆನಪಾಗಿ, ನಕ್ಕು ಮತ್ತೆ ಒಳಗೆ ಬಿದ್ದರು.

ಹೊಸ ಟೈರು ಕೂತಿತು. ಭಾವ ಕಣ್ಣೊರೆಸಿಕೊಂಡು ಹಳೆಯದನ್ನು ಎತ್ತಿ ನನ್ನ ಕೊರಳಿಗೆ ಹಾಕಿದರು.

"ನಿರ್ದೇಶಕರ ಆಜ್ಞೆ. ಹಾಗೇ ತಲುಪಿಸಬೇಕು. ಮನೆವರೆಗೆ ನೀನೇ ಹೊರಬೇಕು. ನಿಮ್ಮಕ್ಕನಿಗೆ ನಾನೇ ಹೇಳ್ತೀನಿ, ನೀನು ದನಿ ಕೊಟ್ಟರೆ ಸಾಕು."

ಆಮೇಲಿನ ಎಂಬತ್ತು ಕಿಲೋಮೀಟರ್ ಕಲ್ಲುದಾರಿಯನ್ನು ನಾನು ಕೊರಳಲ್ಲಿ ಟೈರು ತೂಗಿಸಿಕೊಂಡು ಇಳಿದೆ. ಎದುರು ಬಂದ ಲಾರಿಯವರೆಲ್ಲ ಹಾರ್ನ್ ಹೊಡೆದರು. ಮುಂದಿದ್ದ ಭಾವ ಬ್ರೇಕ್ ಮೆತ್ತಗೆ ಹಿಡಿದು, ಮೀಟರ್ ಬಿಟ್ಟು ದಾರಿ ನೋಡುತ್ತ, ತಿರುವಿಗೊಮ್ಮೆ ಕನ್ನಡಿಯಲ್ಲಿ ನನ್ನನ್ನೂ ನೋಡುತ್ತ ಇಳಿಯುತ್ತಿದ್ದರು. ನೋಡಿದಾಗಲೆಲ್ಲ, ಎರಡು ಇಂಜಿನ್, ಎರಡು ಹೆಲ್ಮೆಟ್ ದಾಟಿಕೊಂಡು, ಅವರ ನಗು ನನಗೆ ಕೇಳಿಸುತ್ತಿತ್ತು.